ಒಳಲೆಯೊಳಗಿನ ರಾಜ

ಅಲ್ಲಿ ಎರಡು ಪಿಂಗಾಣಿ ಬಟ್ಟಲುಗಳಿದ್ದವು. ನಾನು ಇಂಗ್ಲೆಂಡಿನ ರೆಡಿಂಗ್ ಊರಿಗೆ ಆನ್‌ಸೈಟ್ ಕೆಲಸಕ್ಕೆ ಹೋಗಿದ್ದ ಕಾಲ ಅದು. ಶನಿವಾರ ಬೆಳಗ್ಗೆ ವಾಷಿಂಗ್ ಮಷೀನಿಗೆ ಬಟ್ಟೆ ಹಾಕಿ, ಅದು ಮುಗಿಯೋವರೆಗೆ ಏನು ಮಾಡೋದು ಅಂತ ಹಳೇ ಸಾಮಾನಿನ ಸಂತೆ ಕಡೆ ಕಾಲು ಹಾಕುವುದು ರೂಢಿಯಾಗಿತ್ತು. ಮುರಿದ ಗಡಿಯಾರ, ಬಿರುಕು ಬಿಟ್ಟ ಟೀ ಸೆಟ್ಟುಗಳ ನಡುವೆ ಒಬ್ಬ ಮುದುಕ ನಾಣ್ಯ ಮಾರುತ್ತಿದ್ದ. ಅವನ ಮೇಜಿನ ಮೇಲಿದ್ದ ಒಂದು ಬಟ್ಟಲಿಗೆ ‘1920ಕ್ಕೆ ಮೊದಲು’ ಅಂತ ಚೀಟಿ ಅಂಟಿಸಿತ್ತು. ಇನ್ನೊಂದಕ್ಕೆ ‘1947ಕ್ಕೆ ಮೊದಲು’.

1947 ಅಂತ ಕಂಡದ್ದೇ ನನಗೆ ಒಳಗೊಳಗೇ ಖುಷಿ. ಪರವಾಗಿಲ್ವೇ, ನಮಗೆ ಸ್ವಾತಂತ್ರ್ಯ ಬಂದ ವರ್ಷವನ್ನ ಇವರು ಇನ್ನೂ ನೆನಪಿಟ್ಟಿದ್ದಾರೆ ಅಂದುಕೊಂಡೆ. ಅಷ್ಟಕ್ಕೇ ಬಿಡದೆ ಅವನ ಹತ್ತಿರ ಅದನ್ನ ಹೇಳಿಯೂ ಬಿಟ್ಟೆ. ಮುದುಕ ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ ನಕ್ಕ. ಇದಕ್ಕೂ ನಿಮ್ಮ ದೇಶಕ್ಕೂ ಸಂಬಂಧ ಇಲ್ಲ, ನಮ್ಮ ನಾಣ್ಯದಲ್ಲಿ ಬೆಳ್ಳಿ ನಿಂತುಹೋದ ವರ್ಷ ಅದು ಅಂದ. 1919ರವರೆಗೆ ಬ್ರಿಟನ್ನಿನ ಬೆಳ್ಳಿ ನಾಣ್ಯ ಅಂದರೆ ಶೇ. 92.5 ಬೆಳ್ಳಿ, ಅಂದರೆ ಸ್ಟರ್ಲಿಂಗ್. 1920ರಿಂದ 1946ರವರೆಗೆ ಅರ್ಧ ಬೆಳ್ಳಿ, ಇನ್ನರ್ಧ ಬೇರೆ ಲೋಹ. 1947ರಿಂದ ಬರೀ ತಾಮ್ರ, ನಿಕ್ಕಲ್ಲು. ಅದಕ್ಕೇ ಎರಡು ಬಟ್ಟಲು, ಎರಡು ರೇಟು.

ನಾನು ಒಂದೊಂದು ಬಟ್ಟಲಿನಿಂದ ಒಂದೊಂದು ಶಿಲ್ಲಿಂಗ್ ಆರಿಸಿಕೊಂಡೆ. 1919ರದ್ದಕ್ಕೆ ಮೂರು ಪೌಂಡು, 1920ರದ್ದಕ್ಕೆ ಒಂದೂವರೆ. ಅದೇ ಐದನೇ ಜಾರ್ಜ್ ರಾಜ, ಕಿರೀಟದ ಮೇಲೆ ನಿಂತ ಅದೇ ಸಿಂಹ, ಅದೇ ತೂಕ. ಒಂದೇ ವರ್ಷದ ಅಂತರದಲ್ಲಿ ಒಳಗಿನ ಬೆಳ್ಳಿ ಮಾತ್ರ ಸುಮಾರು ಅರ್ಧಕ್ಕೆ ಇಳಿದಿದೆ. ಯಾಕೆ? ಆ ಪ್ರಶ್ನೆ ತಲೆಯಲ್ಲಿ ಹೊಕ್ಕ ದಿನದಿಂದ ನನಗೆ ಈ ಹುಚ್ಚು ಹಿಡಿಯಿತು. ಇದಕ್ಕೂ ನಿಮ್ಮ ದೇಶಕ್ಕೂ ಸಂಬಂಧ ಇಲ್ಲ ಅಂದಿದ್ದನಲ್ಲ ಆ ಮುದುಕ, ಅದು 1947ರ ಬಟ್ಟಲಿನ ಮಟ್ಟಿಗೆ ನಿಜ. 1920ರ ಬಟ್ಟಲಿನ ಕಥೆಯೇ ಬೇರೆ. ಅದು ನಮ್ಮನೆಯ ದೇವರ ಕೋಣೆವರೆಗೂ ಬರುತ್ತೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಮೊದಲು ಹುಚ್ಚಿನ ವಿಷಯ ಹೇಳಿಬಿಡ್ತೀನಿ. ಹಳೇ ಬ್ರಿಟಿಷ್ ದುಡ್ಡಿನ ಲೆಕ್ಕ ನಮ್ಮ ರೂಪಾಯಿ, ಆಣೆ, ಪೈ ಇದ್ದ ಹಾಗೆ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಬೆಳ್ಳಿಯಲ್ಲಿ ಆರು ಪೆನ್ಸಿನ ನಾಣ್ಯ, ಶಿಲ್ಲಿಂಗ್, ಎರಡು ಶಿಲ್ಲಿಂಗಿನ ಫ್ಲೋರಿನ್, ಎರಡೂವರೆ ಶಿಲ್ಲಿಂಗಿನ ಹಾಫ್ ಕ್ರೌನ್, ಐದು ಶಿಲ್ಲಿಂಗಿನ ಕ್ರೌನ್. 1816ರಲ್ಲಿ ಬಂದ ಕಾಯ್ದೆ ಇವುಗಳ ತೂಕವನ್ನ ಗಟ್ಟಿಮಾಡಿತು. ಶಿಲ್ಲಿಂಗ್ 5.66 ಗ್ರಾಂ, ಫ್ಲೋರಿನ್ 11.31, ಹಾಫ್ ಕ್ರೌನ್ 14.14, ಕ್ರೌನ್ 28.28. ಸವೆದರೆ ಸ್ವಲ್ಪ ಕಡಿಮೆ ಬರಬಹುದು, ಜಾಸ್ತಿಯಂತೂ ಬರಲ್ಲ. ಹಾಗಾಗಿ ಈ ಹವ್ಯಾಸಕ್ಕೆ ಇಳಿಯೋರು ಮೊದಲು ಕೊಳ್ಳಬೇಕಾದ್ದು ನಾಣ್ಯವಲ್ಲ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ. ಜೊತೆಗೊಂದು ಅಯಸ್ಕಾಂತ. ಬೆಳ್ಳಿ ಅಯಸ್ಕಾಂತಕ್ಕೆ ಅಂಟಲ್ಲ. ನಾನು ಆನ್‌ಲೈನಿನಲ್ಲಿ ‘ಭಾರೀ ಅಪರೂಪ’ ಅಂತ ನಂಬಿ ಕೊಂಡ ಒಂದು ಕ್ರೌನು ತಕ್ಕಡಿಯಲ್ಲಿ 21 ಗ್ರಾಂ ತೋರಿಸಿ, ಅಯಸ್ಕಾಂತಕ್ಕೆ ಟಕ್ ಅಂತ ಅಂಟಿಕೊಂಡಿತು. ಮಾರಿದವನ ಫೋನು ಆಮೇಲೆ ಎತ್ತಲೇ ಇಲ್ಲ.

ಎರಡನೇ ಪಾಠ ಇನ್ನೂ ದುಬಾರಿಯಾದದ್ದು. ವಿಕ್ಟೋರಿಯಾ ರಾಣಿಯ 1887ರ ಶಿಲ್ಲಿಂಗ್ ಒಂದು ಸಿಕ್ಕಿತ್ತು. ಒಳ್ಳೆ ಸ್ಥಿತಿಯಲ್ಲಿತ್ತು, ಆದರೆ ಅಂಚಿನ ಸುತ್ತ ಕಪ್ಪು, ನಡುವೆ ನೀಲಿ ಛಾಯೆ. ನಮ್ಮನೆಯಲ್ಲಿ ಬೆಳೆದವನಿಗೆ ಬೆಳ್ಳಿ ಕಪ್ಪಾದರೆ ಏನು ಮಾಡಬೇಕು ಅಂತ ಹೇಳಿಕೊಡಬೇಕಾ? ಗೌರಿ ಹಬ್ಬದ ಹಿಂದಿನ ದಿನ ಅಜ್ಜಿ ಮಾಡುತ್ತಿದ್ದ ಹಾಗೇ ವಿಭೂತಿ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಗಸಗಸ ಉಜ್ಜಿದೆ. ನಾಣ್ಯ ಫಳಫಳ ಅಂತು. ಮುಂದಿನ ಶನಿವಾರ ಹೆಮ್ಮೆಯಿಂದ ಮುದುಕನಿಗೆ ತೋರಿಸಿದರೆ ಅವನು ಯಾರೋ ತೀರಿಕೊಂಡ ಹಾಗೆ ಮುಖ ಮಾಡಿದ. ಆ ಕಪ್ಪು, ಆ ನೀಲಿ ನೂರಿಪ್ಪತ್ತೈದು ವರ್ಷದ ಗಾಳಿ ಕಟ್ಟಿದ ಪೊರೆಯಂತೆ. ಸಂಗ್ರಹ ಮಾಡುವವರು ಹಣ ಕೊಡೋದೇ ಅದಕ್ಕೆ. ಉಜ್ಜಿದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಬಿಟ್ಟು ಹೆಚ್ಚೇನೂ ಸಿಗಲ್ಲ. ಆ ಶಿಲ್ಲಿಂಗ್ ಈಗಲೂ ನನ್ನ ಹತ್ತಿರ ಇದೆ, ನಾಚಿಕೆಯ ನೆನಪಿಗೆ.

ಈಗ ಪ್ರಶ್ನೆಗೆ ಬರೋಣ. ನಾಣ್ಯದಲ್ಲಿ ಬೆಳ್ಳಿ ಕದಿಯೋದು ಇಂಗ್ಲೆಂಡಿನ ರಾಜರಿಗೆ ಹೊಸದೇನಲ್ಲ. ಎಂಟನೇ ಹೆನ್ರಿ 1540ರ ದಶಕದಲ್ಲಿ ಯುದ್ಧದ ಖರ್ಚಿಗೆ ಅಂತ ನಾಣ್ಯಕ್ಕೆ ಎಷ್ಟು ತಾಮ್ರ ಬೆರೆಸಿದ ಅಂದರೆ, ಎದುರುಮುಖದ ಚಿತ್ರದಲ್ಲಿ ಉಬ್ಬಿಕೊಂಡಿದ್ದ ಅವನ ಮೂಗು ಮೊದಲು ಸವೆದು ಒಳಗಿನ ಕೆಂಪು ಕಾಣಿಸುತ್ತಿತ್ತು. ಜನ ಅವನಿಗೆ ‘ತಾಮ್ರದ ಮೂಗಿನವ’ ಅಂತಲೇ ಹೆಸರಿಟ್ಟರು. ಅದಾದ ಮೇಲೆ ಜನರೇ ಕಳ್ಳರಾದರು. ಸುತ್ತಿಗೆಯಲ್ಲಿ ಬಡಿದು ಮಾಡುತ್ತಿದ್ದ ನಾಣ್ಯದ ಅಂಚನ್ನ ಕತ್ತರಿಸಿ ಬೆಳ್ಳಿ ಉಳಿಸಿಕೊಳ್ಳೋದು, ಉಳಿದದ್ದನ್ನ ಪೂರ್ತಿ ಬೆಲೆಗೇ ದಾಟಿಸೋದು. ಸಿಕ್ಕಿಬಿದ್ದರೆ ಮರಣದಂಡನೆ, ಆದರೂ ನಿಲ್ಲಲಿಲ್ಲ. 1696ರಲ್ಲಿ ಹಳೇ ನಾಣ್ಯಗಳನ್ನೆಲ್ಲ ವಾಪಸ್ ತರಿಸಿ, ಅಂಚಿಗೆ ಗೀರು ಹಾಕಿದ ಯಂತ್ರದ ನಾಣ್ಯ ಕೊಡುವ ಕೆಲಸ ನಡೆಯಿತು. ಗೀರು ಇದ್ದರೆ ಕತ್ತರಿಸಿದ್ದು ಗೊತ್ತಾಗಿಬಿಡುತ್ತೆ. ನಮ್ಮ ನಾಣ್ಯಗಳ ಅಂಚಿನಲ್ಲಿ ಉಗುರು ಎಳೆದರೆ ಕರಕರ ಅನ್ನುತ್ತಲ್ಲ, ಆ ಉಪಾಯದ ಮೂಲ ಉದ್ದೇಶ ಇದೇ. ಆ ಕೆಲಸ ನಡೆಯುತ್ತಿದ್ದಾಗಲೇ ಟಂಕಸಾಲೆಗೆ ಅಧಿಕಾರಿಯಾಗಿ ಬಂದವರು ಐಸಾಕ್ ನ್ಯೂಟನ್. ಹೌದು, ಅದೇ ಸೇಬಿನ ಹಣ್ಣಿನ ನ್ಯೂಟನ್.

1717ರಲ್ಲಿ ನ್ಯೂಟನ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಇಂಗ್ಲೆಂಡಿನ ಬೆಳ್ಳಿ ಎಲ್ಲಿ ಸೋರಿಹೋಗುತ್ತಿದೆ ಅನ್ನೋದು ವಿಷಯ. ಇಲ್ಲಿ ಒಂದು ತೂಕ ಚಿನ್ನಕ್ಕೆ 15 ತೂಕಕ್ಕೂ ಹೆಚ್ಚು ಬೆಳ್ಳಿ, ಭಾರತದಲ್ಲಿ 12 ತೂಕ ಸಾಕು, ಚೀನಾದಲ್ಲಿ ಅದಕ್ಕೂ ಕಡಿಮೆ ಅಂತ ಅವರು ಲೆಕ್ಕ ಹಾಕಿದರು. ಅಂದರೆ ಬೆಳ್ಳಿಗೆ ಪೂರ್ವದಲ್ಲೇ ಮರ್ಯಾದೆ ಹೆಚ್ಚು. ನೀರು ಇಳಿಜಾರಿಗೆ ಹರಿದ ಹಾಗೆ ಬೆಳ್ಳಿ ನಮ್ಮ ಕಡೆ ಹರಿಯುತ್ತಿತ್ತು. ಮೆಣಸು, ಬಟ್ಟೆ ಕೊಳ್ಳೋಕೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಹೊತ್ತು ತರುತ್ತಿದ್ದದ್ದು ಮುಖ್ಯವಾಗಿ ಬೆಳ್ಳಿಯನ್ನೇ. ಹೀಗಾಗಿ ಹದಿನೆಂಟನೇ ಶತಮಾನದ ಬಹುಪಾಲು ಇಂಗ್ಲೆಂಡಿನಲ್ಲಿ ಬೆಳ್ಳಿ ಚಿಲ್ಲರೆಗೆ ಬರ. ಕೊನೆಗೆ 1816ರಲ್ಲಿ ಅವರು ಬೆಳ್ಳಿಯ ಆಸೆ ಬಿಟ್ಟು, ಚಿನ್ನವೇ ನಿಜವಾದ ದುಡ್ಡು, ಬೆಳ್ಳಿ ಬರೀ ಚಿಲ್ಲರೆ ಅಂತ ತೀರ್ಮಾನಿಸಿದರು. ಒಬ್ಬರಿಗೆ ಒಂದು ಸಲಕ್ಕೆ 40 ಶಿಲ್ಲಿಂಗಿಗಿಂತ ಹೆಚ್ಚು ಬೆಳ್ಳಿಯಲ್ಲಿ ಕೊಟ್ಟರೆ ಅವರು ಬೇಡ ಅನ್ನಬಹುದಿತ್ತು.

ನಮ್ಮಲ್ಲಿ ಹಾಗಿರಲಿಲ್ಲ. ಇಲ್ಲಿ ರೂಪಾಯಿ ಅಂದರೇ ಬೆಳ್ಳಿ. 11.66 ಗ್ರಾಂ ತೂಕ, ಅದರಲ್ಲಿ ಶೇ. 91.7 ಬೆಳ್ಳಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ರೂಪಾಯಿಗೆ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸ್ ಅಂತ ನಿಗದಿ ಮಾಡಿದ್ದರು. ಅಂದರೆ 16 ಪೆನ್ನಿ. ನಮ್ಮ ಒಂದು ಆಣೆಗೆ ಸರಿಯಾಗಿ ಅವರ ಒಂದು ಪೆನ್ನಿ. ಈ ಲೆಕ್ಕದಲ್ಲಿ ಒಂದು ಪೌಂಡಿಗೆ 15 ರೂಪಾಯಿ. ಒಂದು ಸಂಜೆ ಕೂತು ಗುಣಿಸಿ ನೋಡಿದೆ. 20 ಶಿಲ್ಲಿಂಗಿನಲ್ಲಿ ಇದ್ದ ಅಪ್ಪಟ ಬೆಳ್ಳಿ ಸುಮಾರು 105 ಗ್ರಾಂ. ಅದೇ ಬೆಲೆಯ 15 ರೂಪಾಯಿಯಲ್ಲಿ ಸುಮಾರು 160 ಗ್ರಾಂ! ಅದೇ ರಾಜ, ಅದೇ ಸಾಮ್ರಾಜ್ಯ. ಆಳಿಸಿಕೊಂಡವರ ನಾಣ್ಯದಲ್ಲೇ ಬೆಳ್ಳಿ ಹೆಚ್ಚು.

ಆಮೇಲೆ ಯುದ್ಧ ಬಂತು. ಬ್ರಿಟನ್ನಿಗೆ ಭಾರತದಿಂದ ಗೋಧಿ, ಸೆಣಬು, ಚರ್ಮ, ಚಹಾ ಎಲ್ಲಾ ಬೇಕಿತ್ತು. ಮೆಸಪಟೋಮಿಯಾದಲ್ಲಿ ಕಾದಾಡುತ್ತಿದ್ದ ಭಾರತೀಯ ಸೈನಿಕರಿಗೆ ಸಂಬಳ ಕೊಡಬೇಕಿತ್ತು. ಇದಕ್ಕೆಲ್ಲ ರೂಪಾಯಿ ಬೇಕು, ರೂಪಾಯಿಗೆ ಬೆಳ್ಳಿ ಬೇಕು. ಅತ್ತ ಮೆಕ್ಸಿಕೋದಲ್ಲಿ ಕ್ರಾಂತಿಯ ಗಲಾಟೆಗೆ ಬೆಳ್ಳಿ ಗಣಿಗಳು ಸೊರಗಿದ್ದವು. ಬೆಲೆ ಏರತೊಡಗಿತು. ಒಂದು ಔನ್ಸ್ ಬೆಳ್ಳಿಗೆ 43 ಪೆನ್ಸ್ ದಾಟಿದರೆ, 16 ಪೆನ್ನಿಯ ಲೆಕ್ಕದಲ್ಲಿ ರೂಪಾಯಿಯನ್ನ ಖರ್ಚು ಮಾಡೋದಕ್ಕಿಂತ ಕರಗಿಸೋದೇ ಲಾಭ. 1917ರಲ್ಲಿ ಆ ಗೆರೆಯೂ ದಾಟಿತು. ನಾಣ್ಯ ಕರಗಿಸೋದು ಅಪರಾಧ ಅಂತ ಸರ್ಕಾರ ಕಾನೂನು ಮಾಡಿತು. ಅದೇ ವರ್ಷದ ಕೊನೆಗೆ ಒಂದು ರೂಪಾಯಿಯ ನೋಟು ಅಚ್ಚು ಹಾಕಿಸಿ ಹಂಚಿತು.

ಕಾಗದವನ್ನ ಯಾರು ನಂಬುತ್ತಾರೆ? 1918ರಲ್ಲಿ ಯುದ್ಧರಂಗದಿಂದ ಕೆಟ್ಟ ಸುದ್ದಿ ಬರುತ್ತಿದ್ದ ಹಾಗೆ ಜನ ನೋಟು ಹಿಡಿದು ಬೊಂಬಾಯಿ ಮುಂತಾದ ಕಡೆಯ ಕರೆನ್ಸಿ ಆಫೀಸುಗಳ ಮುಂದೆ ನಿಂತರು. ನಮಗೆ ಬೆಳ್ಳಿ ಕೊಡಿ ಅಂದರು. ಖಜಾನೆಯಲ್ಲಿ ರೂಪಾಯಿ ಬತ್ತುತ್ತಾ ಬಂತು. ಇನ್ನು ಕೆಲವೇ ವಾರಗಳಲ್ಲಿ ‘ಇಲ್ಲ’ ಅನ್ನಬೇಕಾಗುತ್ತೆ ಅನ್ನೋ ಸ್ಥಿತಿ. ಯುದ್ಧದ ನಡುವೆ ಭಾರತದಲ್ಲಿ ದುಡ್ಡಿನ ಮೇಲಿನ ನಂಬಿಕೆ ಮುರಿದರೆ ಏನಾಗಬಹುದು ಅಂತ ಲಂಡನ್ನಿಗೂ ಗೊತ್ತಿತ್ತು. ಅವರು ಅಮೆರಿಕಾದ ಬಾಗಿಲು ತಟ್ಟಿದರು. 1918ರ ಏಪ್ರಿಲ್‌ನಲ್ಲಿ ಅಮೆರಿಕಾ ಪಿಟ್‌ಮನ್ ಕಾಯ್ದೆ ಅಂತ ಒಂದನ್ನ ಪಾಸು ಮಾಡಿ, ತನ್ನ ತಿಜೋರಿಯಲ್ಲಿದ್ದ ಬೆಳ್ಳಿ ಡಾಲರುಗಳನ್ನ ಕರಗಿಸಿತು. ಸುಮಾರು 27 ಕೋಟಿ ಡಾಲರ್ ನಾಣ್ಯ! ಅದರಲ್ಲಿ ಬಹುಪಾಲು, ಅಂದರೆ ಸುಮಾರು 20 ಕೋಟಿ ಔನ್ಸ್ ಬೆಳ್ಳಿ, ಹಡಗು ಹತ್ತಿ ಭಾರತಕ್ಕೆ ಬಂತು. ಇಲ್ಲಿನ ಟಂಕಸಾಲೆಗಳಲ್ಲಿ ಮತ್ತೆ ರೂಪಾಯಿಯಾಗಿ ಹಳ್ಳಿಹಳ್ಳಿಗೆ ಹೋಯಿತು.

ಬೆಳ್ಳಿ ಬೆಲೆ ಮಾತ್ರ ಇಳಿಯಲಿಲ್ಲ. ಯುದ್ಧ ಮುಗಿದ ಮೇಲೂ ಭಾರತ, ಚೀನಾ ಎರಡೂ ಬೆಳ್ಳಿ ಎಳೆದುಕೊಳ್ಳುತ್ತಲೇ ಇದ್ದವು. ಬ್ರಿಟನ್ನಿನ ನಾಣ್ಯಕ್ಕೂ ಒಂದು ಗೆರೆ ಇತ್ತು, 66 ಪೆನ್ಸ್. ಒಂದು ಔನ್ಸ್ ಸ್ಟರ್ಲಿಂಗ್ ಬೆಳ್ಳಿಯಿಂದ ಐದೂವರೆ ಶಿಲ್ಲಿಂಗ್, ಅಂದರೆ 66 ಪೆನ್ಸ್ ನಾಣ್ಯ ಆಗುತ್ತಿತ್ತು. ಬೆಲೆ ಅದಕ್ಕಿಂತ ಮೇಲೆ ಹೋದರೆ ಶಿಲ್ಲಿಂಗನ್ನೂ ಕರಗಿಸೋದೇ ಲಾಭ. 1920ರ ಫೆಬ್ರವರಿಯಲ್ಲಿ ಲಂಡನ್ನಿನ ಬೆಲೆ ಎಂಬತ್ತೊಂಬತ್ತೂವರೆ ಪೆನ್ಸ್ ಮುಟ್ಟಿತು. ಅದೇ ವರ್ಷ ಪಾರ್ಲಿಮೆಂಟು ಹೊಸ ಕಾಯ್ದೆ ತಂದು ನಾಣ್ಯದ ಬೆಳ್ಳಿಯನ್ನ ಶೇ. 50ಕ್ಕೆ ಇಳಿಸಿತು. ಮೊದಮೊದಲ ಹೊಸ ನಾಣ್ಯಗಳು ಸವೆದ ಹಾಗೆ ಹಳದಿ ತಿರುಗಿ ಮೈಲಿಗೆ ಬಣ್ಣಕ್ಕೆ ಬಂದವು. ಎಂಟನೇ ಹೆನ್ರಿಯ ತಾಮ್ರದ ಮೂಗು ಮತ್ತೆ ನೆನಪಾಗಿರಬೇಕು. ತಮಾಷೆ ಅಂದರೆ ಅದೇ ವರ್ಷದ ಕೊನೆಗೆ ಬೆಳ್ಳಿ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಆದರೆ ತೆಗೆದ ಬೆಳ್ಳಿಯನ್ನ ಯಾವ ಸರ್ಕಾರ ವಾಪಸ್ ಹಾಕುತ್ತೆ?

ಬ್ರಿಟನ್ನಿನ ಶಿಲ್ಲಿಂಗ್ ಅರ್ಧ ಬೆಳ್ಳಿಯಾದ ಮೇಲೂ ಭಾರತದ ರೂಪಾಯಿ ಶೇ. 91.7ರಲ್ಲೇ ಉಳಿಯಿತು, 1940ರವರೆಗೆ. ಇಲ್ಲಿ ಅದಕ್ಕೆ ಕೈ ಹಾಕುವ ಧೈರ್ಯ ಅವರಿಗೆ ಬರಲಿಲ್ಲ ಅಂತ ನನ್ನ ಅಂದಾಜು. ಲಂಡನ್ನಿನವನು ನಾಣ್ಯದ ಮೇಲಿನ ರಾಜನ ಮುಖ ನಂಬುತ್ತಿದ್ದ, ಒಳಗೇನಿದೆ ಅಂತ ಕೇಳುತ್ತಿರಲಿಲ್ಲ. ನಮ್ಮವರು ನಾಣ್ಯವನ್ನ ಕಲ್ಲಿನ ಮೇಲೆ ಎಸೆದು ಸದ್ದು ಕೇಳುತ್ತಿದ್ದರು. ಅದೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಅಂಬೇಡ್ಕರ್ ಅವರು ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ರೂಪಾಯಿಯ ಸಮಸ್ಯೆ. 1923ರಲ್ಲಿ ಅದು ಪುಸ್ತಕವಾಗಿ ಬಂತು. ಅವತ್ತಿನ ದಿನಕ್ಕೆ ಅದೆಷ್ಟು ಉರಿಯುವ ಪ್ರಶ್ನೆಯಾಗಿತ್ತು ಅನ್ನೋದು ಈ ಎರಡು ಬಟ್ಟಲುಗಳನ್ನ ನೋಡದೇ ಇದ್ದಿದ್ದರೆ ನನಗೆ ತಿಳಿಯುತ್ತಿರಲಿಲ್ಲ.

ನನ್ನ 1919ರ ಶಿಲ್ಲಿಂಗಿನ ಸುತ್ತ ಲ್ಯಾಟಿನ್‌ನಲ್ಲಿ ‘ಇಂಡ್ ಇಂಪ್’ ಅಂತ ಬರೆದಿದೆ. ಭಾರತದ ಚಕ್ರವರ್ತಿ ಅಂತ ಅರ್ಥ. 1893ರಲ್ಲಿ ವಿಕ್ಟೋರಿಯಾ ನಾಣ್ಯದ ಮೇಲೆ ಸೇರಿದ ಈ ಎರಡು ತುಂಡು ಪದ 1948ರ ನಾಣ್ಯದವರೆಗೂ ಉಳಿಯಿತು. ಅಂದರೆ ನಾವು ಸ್ವತಂತ್ರರಾದ ಮೇಲೂ ಒಂದು ವರ್ಷ. 1949ರ ನಾಣ್ಯದಲ್ಲಿ ಇಲ್ಲ. ಕೆಲವು ಸ್ನೇಹಿತರು ಕೇಳ್ತಾರೆ, ನಮ್ಮನ್ನ ಆಳಿದವರ ದುಡ್ಡನ್ನ ದುಡ್ಡು ಕೊಟ್ಟು ಯಾಕೋ ಕೂಡಿಡ್ತೀಯ ಅಂತ. ಬಹಳ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಅಮ್ಮನ ಕುಂಕುಮದ ಡಬ್ಬಿಯಲ್ಲಿ.

ನಮ್ಮ ಅಜ್ಜಿಯ ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಅಜ್ಜಿಯ ಮದುವೆಗೆ ಅವರು ಕೊಟ್ಟಿದ್ದರಲ್ಲಿ ಆರು ಬೆಳ್ಳಿ ರೂಪಾಯಿ ಇತ್ತಂತೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಸರ್ಕಾರ ಹಳೇ ಬೆಳ್ಳಿ ರೂಪಾಯಿಗಳನ್ನ ಚಲಾವಣೆಯಿಂದ ತೆಗೆದುಹಾಕಿತು. ತಂದುಕೊಡಿ, ಬದಲಿಗೆ ಬೇರೆ ದುಡ್ಡು ಕೊಡ್ತೀವಿ ಅಂತು. ಅಜ್ಜಿ ಕೊಡಲಿಲ್ಲ. “ನೋಟು ಒದ್ದೆ ಆದ್ರೆ ಹೋಯ್ತು. ಬೆಳ್ಳಿ ಬಾವಿಗೆ ಬಿದ್ರೂ ಬೆಳ್ಳಿನೇ” ಅನ್ನೋದು ಅವಳ ಮಾತು. ರಾಗಿ ಡಬ್ಬದ ತಳದಲ್ಲಿ ಇಟ್ಟುಕೊಂಡಿದ್ದಳು. ನಾನು ಹುಟ್ಟಿದಾಗ ಆರರಲ್ಲಿ ಐದನ್ನ ಆಚಾರ್ರಿಗೆ ಕೊಟ್ಟು, ಕರಗಿಸಿ, ನನಗೆ ಹಾಲು ಕುಡಿಸೋಕೆ ಒಂದು ಒಳಲೆ ಮಾಡಿಸಿದಳು. ಉಳಿದ ಒಂದು ರೂಪಾಯಿ ಕುಂಕುಮದ ಡಬ್ಬಿ ಸೇರಿತು.

ಭೂತಗನ್ನಡಿ ಹಿಡಿದು ಆ ರೂಪಾಯಿ ನೋಡಿದೆ. ಐದನೇ ಜಾರ್ಜ್. ಹಿಂದೆ ಇಂಗ್ಲಿಷಿನಲ್ಲಿ ಒಂದು ರೂಪಾಯಿ, ಪಾರ್ಸಿ ಲಿಪಿಯಲ್ಲಿ ಯಕ್ ರೂಪಿಯಾ. ಕೆಳಗಿನ ಹೂವಿನ ಹತ್ತಿರ ಬೊಂಬಾಯಿ ಟಂಕಸಾಲೆಯ ಪುಟ್ಟ ಚುಕ್ಕೆ. ಇಸವಿ 1918.

ಸಂಗ್ರಹಕಾರರಿಗೆ ಇದು ಮಾಮೂಲಿ ನಾಣ್ಯ. ಆ ವರ್ಷ ಅಷ್ಟೊಂದು ಅಚ್ಚು ಹಾಕಿದ್ದರು. ಯಾಕೆ ಅಷ್ಟೊಂದು ಅಂತ ಈಗ ನಿಮಗೂ ಗೊತ್ತು. ಈ ಒಂದು ರೂಪಾಯಿಯಲ್ಲಿ ಅಮೆರಿಕಾದ ಡಾಲರಿನ ಬೆಳ್ಳಿ ಇದೆಯೋ ಇಲ್ಲವೋ ಯಾರೂ ಪರೀಕ್ಷೆ ಮಾಡಿ ಹೇಳಲಾರರು. ಆದರೆ ಇರಬಹುದು. ಕೊಬ್ಬರಿ ಮಾರಿದ ಯಾರೋ ಒಬ್ಬ ನೋಟು ಬೇಡ, ಬೆಳ್ಳಿ ಕೊಡಿ ಅಂದಿದ್ದಕ್ಕೆ ಫಿಲಡೆಲ್ಫಿಯಾದಲ್ಲಿ ಕುಲುಮೆ ಉರಿಯಿತು, ಲಂಡನ್ನಿನಲ್ಲಿ ಶಿಲ್ಲಿಂಗ್ ಹಳದಿಯಾಯಿತು. ಅವನೊಬ್ಬನಿಂದಲ್ಲ, ಅವನಂಥ ಕೋಟ್ಯಂತರ ಜನರಿಂದ. ಅವರ ಹೆಸರು ಯಾವ ಇತಿಹಾಸದ ಪುಸ್ತಕದಲ್ಲೂ ಇಲ್ಲ. ನಾಣ್ಯದ ಮೇಲಂತೂ ಇಲ್ಲವೇ ಇಲ್ಲ, ಅಲ್ಲಿ ರಾಜನಿದ್ದಾನೆ. ನಾನು ಕೂಡಿಡುತ್ತಿರೋದು ರಾಜನ ಮುಖವನ್ನಲ್ಲ, ಈ ಹೆಸರಿಲ್ಲದವರ ಹಟದ ಗುರುತನ್ನ. ಸ್ನೇಹಿತರಿಗೆ ಈಗ ಇದನ್ನೇ ಹೇಳ್ತೀನಿ.

ಹೋದ ವರ್ಷ ನಮಗೆ ಮಗಳು ಹುಟ್ಟಿದಳು. ಅಮ್ಮ ಒಳಲೆ ಹೊರಗೆ ತೆಗೆದು, “ಪುಟ್ಟಾ, ಇದು ಚಪ್ಪಟೆ ಆಗಿದೆ ಕಣೋ. ಬೆಳ್ಳಿ ರೇಟು ಬೇರೆ ಏರಿದೆ. ಅಂಗಡಿಗೆ ಕೊಟ್ಟು ಮಗೂಗೆ ಕಾಲ್ಗೆಜ್ಜೆ ಮಾಡಿಸೋಣ” ಅಂದಳು. ನನಗೆ ಎದೆ ಧಸಕ್ ಅಂತು. ಬೇಡಮ್ಮ, ಇದು ಇತಿಹಾಸ ಅಂತ ಹೇಳೋಕೆ ಬಾಯಿ ತೆಗೆದವನು ಸುಮ್ಮನಾದೆ. ಐದು 1918ರ ರೂಪಾಯಿ ಕರಗಿಹೋಯಿತಲ್ಲ ಅಂತ ಮೊದಲೆಲ್ಲ ಹೊಟ್ಟೆ ಉರಿಯುತ್ತಿತ್ತು, ನಿಜ. ಆದರೆ ಅಜ್ಜಿ ಅದನ್ನ ಉಳಿಸಿಕೊಂಡಿದ್ದೇ ಬೇಕಾದಾಗ ಕರಗಿಸೋಕೆ. ಉಜ್ಜಬಾರದು, ಮುಟ್ಟಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿಡೋದು ನನ್ನಂಥವರ ಬೆಳ್ಳಿ. ಮಗು ಹುಟ್ಟಿದರೆ ಒಳಲೆ, ಬರ ಬಂದರೆ ದವಸ ಆಗೋದು ಅವಳ ಬೆಳ್ಳಿ. ಇಬ್ಬರಲ್ಲಿ ಬೆಳ್ಳಿ ಅಂದರೇನು ಅಂತ ಚೆನ್ನಾಗಿ ಗೊತ್ತಿದ್ದದ್ದು ಅವಳಿಗೇ.

ಅಂಗಡಿಗೆ ಹೋಗುವ ಮುಂಚೆ ತೂಕ ನೋಡೋಣ ಅಂತ ಅಮ್ಮನಿಗೆ ಹೇಳಿ ನನ್ನ ನಾಣ್ಯದ ತಕ್ಕಡಿ ತಂದೆ. ಒಳಲೆ ಇಟ್ಟೆ. 57 ಗ್ರಾಂ ಚಿಲ್ಲರೆ. ಹೊಸ ರೂಪಾಯಿ ಐದಾದರೆ 58.3 ಆಗಬೇಕು. ಸವೆದದ್ದು, ಅರ ಹಾಕುವಾಗ ಉದುರಿದ್ದು ಸೇರಿ ಒಂದು ಗ್ರಾಮಿನಷ್ಟು ಕಡಿಮೆ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆಯಿದೆಯಲ್ಲ, ನಮ್ಮ ಆಚಾರ್ರು ಅಜ್ಜಿಯ ಬೆಳ್ಳಿ ಪೂರ್ತಿ ಬಿಟ್ಟಿದ್ದರು.

ಲೆಕ್ಕ ಕೇಳಿ ಅಮ್ಮ ಸ್ವಲ್ಪ ಹೊತ್ತು ಒಳಲೆಯನ್ನೇ ನೋಡುತ್ತಾ ಕೂತಳು. ಆಮೇಲೆ, “ಗೆಜ್ಜೆಗೆ ಬೇರೆ ಬೆಳ್ಳಿ ತಗೊಂಡ್ರಾಯ್ತು ಬಿಡು” ಅಂದು, ವಿಭೂತಿ ಹಚ್ಚಿ ಉಜ್ಜೋಕೆ ಶುರು ಮಾಡಿದಳು. ನಾನು ತಡೆಯಲಿಲ್ಲ.